ಹಿತ್ತಲ ಗಿಡ, ದೂರದ ಬೆಟ್ಟ

ಇಥಿಯೋಪಿಯಾದಿಂದ ನಾವು ನಾಲ್ವರೂ ಊರಿಗೆ ಮರಳಿದ ಮೂರನೆಯ ದಿನ. ಬೆಳಿಗ್ಗೆ ಏಳು ಗಂಟೆಗೆ ನನ್ನ ಮಗ ಅಡುಗೆಮನೆಗೆ ಬಂದು, 'ಅಜ್ಜೀ, ಒಂದು ಗಂಟೆ ಆಯ್ತು, ತಿಂಡಿ ಆಗ್ಲಿಲ್ವಾ?' ಎಂದ. ಅತ್ತೆ ಒಲೆಯ ಮುಂದಿನಿಂದ ಎದ್ದು ಗೋಡೆಯ ಗಡಿಯಾರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಎಂಟು ವರ್ಷದ ಹುಡುಗ ತಮಾಷೆ ಮಾಡುತ್ತಿರಲಿಲ್ಲ. ಇಥಿಯೋಪಿಯಾದಲ್ಲಿ ಗಂಟೆ ಎಣಿಸುವುದು ಬೆಳಗಾಗುವುದರಿಂದ. ನಮ್ಮ ಏಳು ಅವರಿಗೆ ಒಂದು. ಅವರ ವರ್ಷಕ್ಕೆ ಹದಿಮೂರು ತಿಂಗಳು, ವರ್ಷದ ಲೆಕ್ಕವೂ ನಮಗಿಂತ ಏಳೆಂಟು ವರ್ಷ ಹಿಂದೆ. 2017ರ ಸೆಪ್ಟೆಂಬರಿನಲ್ಲಿ ನಾವು ಹೋಗಿ ಇಳಿದಾಗ ಅಲ್ಲಿ 2010 ಆಗಷ್ಟೇ ಹುಟ್ಟಿತ್ತು. 2019ರ ಅಕ್ಟೋಬರಿನಲ್ಲಿ ಹೊರಟಾಗ ಅವರ 2012.

ಇದನ್ನೆಲ್ಲ ವಿವರಿಸಿದ ಮೇಲೆ ಅತ್ತೆ ನಕ್ಕರು. 'ಹಂಗಾದ್ರೆ ಏಳು ವರ್ಷ ಚಿಕ್ಕೋರಾಗಿ ಬಂದಿದೀರಿ ಅನ್ನಿ.'

ನಾನೂ ನಕ್ಕೆ. ನಾವು ಚಿಕ್ಕವರಾಗಿ ಬಂದೆವೋ ಇಲ್ಲವೋ, ಆ ಎರಡು ವರ್ಷಗಳಲ್ಲಿ ಅವರು ಮಾತ್ರ ಏಳು ವರ್ಷದಷ್ಟು ಮುದುಕಿಯಾಗಿದ್ದರು ಎಂಬುದು ನನ್ನ ಕಣ್ಣಿಗೆ ಬೀಳಲು ಇನ್ನೂ ಬಹಳ ದಿನ ಬೇಕಾಯಿತು.

ನಾನು ನರ್ಸ್. ಹೆರಿಗೆ ವಾರ್ಡಿನ ಕೆಲಸವೇ ನನ್ನ ಬದುಕಿನ ಮುಕ್ಕಾಲು ಪಾಲು. ಆಲೂರು ಮತ್ತು ಸಕಲೇಶಪುರದ ನಡುವೆ ನಮ್ಮದೊಂದು ಒಂಬತ್ತು ಎಕರೆ ಕಾಫಿ ತೋಟ ಇದೆ. ಅದನ್ನು ನೋಡಿಕೊಳ್ಳುತ್ತಿದ್ದವರು ನನ್ನ ಯಜಮಾನರು. ಇಥಿಯೋಪಿಯಾದ ಜಿಮ್ಮಾ ಸೀಮೆಯ ಒಂದು ಸಣ್ಣ ಸೇವಾ ಆಸ್ಪತ್ರೆಗೆ ಎರಡು ವರ್ಷದ ಮಟ್ಟಿಗೆ ಜನ ಬೇಕು ಎಂದು ತಿಳಿದಾಗ ನಾನು ಹೋಗುತ್ತೇನೆ ಎಂದೆ. ಜನರೇಟರು, ವಾಹನ, ಉಗ್ರಾಣ ನೋಡಿಕೊಳ್ಳಲು ಇವರೂ ಒಪ್ಪಿದರು. ಮಗಳಿಗೆ ಆಗ ಹನ್ನೊಂದು, ಮಗನಿಗೆ ಆರು. ತೋಟವನ್ನು ಅತ್ತೆಯ ಕೈಗೆ ಬಿಟ್ಟೆವು. ಹೊರಡುವ ವಿಷಯವನ್ನು ಅವರಿಗೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆವು. 'ಒಳ್ಳೆ ಕೆಲಸ, ಹೋಗ್ಬನ್ನಿ' ಎಂದಷ್ಟೇ ಅಂದು ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅಲ್ಲಿನ ಎರಡು ವರ್ಷ ಹೇಗಿದ್ದವು ಎಂದು ಕೇಳಿದರೆ ಈಗಲೂ ಮೊದಲು ನೆನಪಾಗುವುದು ಕಾಫಿ. ಜಗತ್ತಿಗೆ ಕಾಫಿ ಕೊಟ್ಟ ನಾಡು ಅದು. ಅಲ್ಲಿಂದ ಯೆಮನ್ನಿಗೆ ಹೋದ ಗಿಡದ ಏಳು ಬೀಜಗಳನ್ನು ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಚಂದ್ರದ್ರೋಣ ಪರ್ವತಕ್ಕೆ ತಂದರು ಎಂಬ ಕತೆ ಕೇಳದ ಮಲೆನಾಡಿನ ಮಗು ಇಲ್ಲ. ಆ ಏಳು ಬೀಜದ ದಾರಿಯಲ್ಲಿ ನಾವು ಹಿಂದಕ್ಕೆ ನಡೆದು ಹೋಗಿದ್ದೆವು. ಅಲ್ಲಿ ಕಾಫಿಗೆ 'ಬುನ' ಎನ್ನುತ್ತಾರೆ. ಮನೆಗೆ ಯಾರಾದರೂ ಬಂದರೆ ಹಸಿ ಬೀಜವನ್ನು ಅವರ ಎದುರಿಗೇ ಹುರಿದು, ಕುಟ್ಟಿ, 'ಜೆಬೆನಾ' ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಪಕ್ಕದಲ್ಲಿ ಧೂಪ, ತಟ್ಟೆಯಲ್ಲಿ ಮೆಕ್ಕೆಜೋಳದ ಅರಳು. ಒಂದೇ ಪುಡಿಯಲ್ಲಿ ಮೂರು ಸುತ್ತು: ಅಬೋಲ್, ತೋನಾ, ಬರಕಾ. ಮೂರನೆಯದು ತೆಳ್ಳಗಿರುತ್ತದೆ, ಆದರೆ ಅದರ ಹೆಸರಿನ ಅರ್ಥವೇ ಆಶೀರ್ವಾದ. ಅದನ್ನು ಕುಡಿಯದೆ ಏಳುವ ಹಾಗಿಲ್ಲ. ನಾವು ಬೆಳೆದ ಕಾಫಿಯ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ಅವರು ಬೆಳೆದದ್ದರಲ್ಲಿ ಅರ್ಧದಷ್ಟನ್ನು ತಾವೇ, ಹೀಗೆ ಕೂತು, ಕುಡಿಯುತ್ತಾರೆ.

ಕೆಲಸ ಕಷ್ಟದ್ದೇ. ದೂರದ ಹಳ್ಳಿಗಳ ಗರ್ಭಿಣಿಯರು ದಿನ ತುಂಬುವ ಮೊದಲೇ ಬಂದು ಆಸ್ಪತ್ರೆಯ ಬಳಿಯ ಕಾಯುವ ಮನೆಯಲ್ಲಿ ಉಳಿಯುತ್ತಿದ್ದರು. ಹಾಗೆ ಬರಲಾಗದವರನ್ನು ಊರವರು ಮರದ ಮಂಚದ ಮೇಲೆ ಹೊತ್ತು ತರುತ್ತಿದ್ದರು. ಒರೊಮೊ ಭಾಷೆಯಲ್ಲಿ ಕ್ಷೇಮ ವಿಚಾರಿಸುವ ಮಾತು 'ಅಕ್ಕಂ'. ಮೊದಲ ವಾರ ನನಗದು 'ಅಕ್ಕ' ಎಂದೇ ಕೇಳಿಸಿತು. ಆರು ತಿಂಗಳಲ್ಲಿ ನೋವು ಎಲ್ಲಿ, ನೀರು ಒಡೆಯಿತಾ, ಇದು ಎಷ್ಟನೆಯ ಮಗು ಎಂದು ಅವರ ಮಾತಿನಲ್ಲೇ ಕೇಳುವಷ್ಟು ಕಲಿತೆ. ಬಿಡುಗಡೆಯಾಗಿ ಹೊರಟ ತಾಯಂದಿರು ನನ್ನ ಕೈ ಹಿಡಿದು ಮುತ್ತಿಡುತ್ತಿದ್ದರು. ನನ್ನ ಇಡೀ ಜೀವಮಾನದಲ್ಲಿ ನಾನು ಅಷ್ಟು ಬೇಕಾದವಳಾಗಿದ್ದು ಅಲ್ಲಿ ಮಾತ್ರ. ಈ ಮಾತನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ಪ್ರಾಮಾಣಿಕವಾಗುವುದಿಲ್ಲ.

ಊರಿಗೆ ಬಂದ ಮೇಲೆ ನಮ್ಮ ನಾಲ್ವರಿಗೂ ನಾಲ್ಕು ಥರದ ಕಾಯಿಲೆ. ಮಗಳು ಶಾಲೆಯಿಂದ ಬಂದು ಕೋಣೆ ಸೇರಿದರೆ ಹೊರಗೆ ಬರುತ್ತಿರಲಿಲ್ಲ. ಅವಳ ಗೆಳತಿಯರು ಎರಡು ವರ್ಷದಲ್ಲಿ ಹೊಸ ಗುಂಪು ಕಟ್ಟಿಕೊಂಡಿದ್ದರು. ಮೊದಲ ದಿನ ಆಫ್ರಿಕದ ಬಗ್ಗೆ ಹತ್ತು ಪ್ರಶ್ನೆ ಕೇಳಿದವರು ಎರಡನೆಯ ದಿನ ಒಂದನ್ನೂ ಕೇಳಲಿಲ್ಲವಂತೆ. ಮಗ ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರಗಳನ್ನೆಲ್ಲ ಮರೆತಿದ್ದ. ಇವರು ರಾತ್ರಿ ಪಟಾಕಿ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದರು. ನಮ್ಮ ಕಡೆ ಅದು ಆನೆ ಓಡಿಸುವ ಸದ್ದು ಎಂದು ನೆನಪಾಗಲು ಒಂದು ಗಳಿಗೆ ಬೇಕಾಗುತ್ತಿತ್ತು. ನನ್ನ ಕಾಯಿಲೆ ಸಿಟ್ಟು. ನಲ್ಲಿಯಲ್ಲಿ ನೀರು ಸುಮ್ಮನೆ ಹರಿದರೆ ಸಿಟ್ಟು. ಟಿವಿಯ ಧಾರಾವಾಹಿ ನೋಡಿದರೆ ಸಿಟ್ಟು. ಅಡಿಕೆ ರೇಟು, ಮೆಣಸಿನ ರೇಟು ಬಿಟ್ಟು ಬೇರೆ ಮಾತಾಡದ ನೆಂಟರನ್ನು ಕಂಡರೆ ಸಿಟ್ಟು.

ಆ ಡಿಸೆಂಬರಿನಲ್ಲಿ ಸಕಲೇಶಪುರದಲ್ಲಿ ನೆಂಟರ ಮದುವೆ. ಊಟದ ಪಂಕ್ತಿ ಎದ್ದಾಗ ಎಲೆಗಳ ಮೇಲೆ ಉಳಿದ ಹೋಳಿಗೆ, ಅನ್ನ, ಪಾಯಸ ಕಂಡು ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಎಲ್ಲರೂ ಕೇಳುವಂತೆ, 'ಇಷ್ಟರಲ್ಲಿ ಅಲ್ಲಿ ಒಂದು ವಾರ್ಡು ಊಟ ಮಾಡ್ತಿತ್ತು' ಎಂದುಬಿಟ್ಟೆ. ಅವರು ಕೈ ತೊಳೆಯುತ್ತಲೇ, 'ಯಾಕವ್ವ, ನಮ್ಮೂರಲ್ಲಿ ಬಡವ್ರು ಇರ್ಲಿಲ್ವಾ, ಅಲ್ಲಿಗಂಟ ಹೋಗಿದ್ದು?' ಎಂದರು. ಹೋಗುವ ಮೊದಲೂ ಬಂದ ಮೇಲೂ ಈ ಪ್ರಶ್ನೆಯನ್ನು ಹತ್ತಾರು ಬಾಯಲ್ಲಿ ಕೇಳಿದ್ದೇನೆ. ಕೇಳಿದವರಲ್ಲಿ ಹೆಚ್ಚಿನವರು ಊರ ಬಡವರಿಗೂ ಏನೂ ಮಾಡಿದವರಲ್ಲ. ಅದನ್ನೂ ಅಲ್ಲೇ ಹೇಳಿಬಿಟ್ಟೆ. ದಾರಿಯುದ್ದಕ್ಕೂ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಮನೆಗೆ ಬಂದು ಸೀರೆ ಮಡಿಸುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು: 'ಅಲ್ಲಿ ನೀನು ನೋಡಿದ್ದೆಲ್ಲ ದಿಟ ಕಣವ್ವ, ನಾನು ಇಲ್ಲ ಅನ್ನಲ್ಲ. ಆದ್ರೆ ಬಂದು ಎರಡು ತಿಂಗ್ಳಾಯ್ತು. ನಮ್ ಲೈನ್ ಕಡೆ ಒಂದ್ಸಲ ಹೋಗಿದ್ಯಾ?'

ಕಾಫಿ ಸೀಮೆಯ ಓದುಗರಿಗೆ ಲೈನು ಎಂದರೆ ವಿವರಿಸಬೇಕಿಲ್ಲ. ಉಳಿದವರಿಗೆ: ತೋಟದ ಕೆಲಸದವರಿಗಾಗಿ ಸಾಲಾಗಿ ಕಟ್ಟಿದ ಒಂದೊಂದು ಕೋಣೆ, ಒಂದೊಂದು ಒಲೆಯ ಮನೆಗಳು. ನಮ್ಮದರಲ್ಲಿ ಇರುವುದು ಮೂರೇ. ಮನೆಯಿಂದ ಇನ್ನೂರು ಹೆಜ್ಜೆ, ಸಿಲ್ವರ್ ಮರಗಳ ಆಚೆ. ಹಿಂದೆ ಅಲ್ಲಿ ಇದ್ದವರು ಊರ ಸುತ್ತಿನವರೇ. ಈಗ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಇರುವಂತೆ ನಮ್ಮಲ್ಲೂ ಅಸ್ಸಾಮಿನಿಂದ ಬಂದ ಎರಡು ಸಂಸಾರಗಳಿದ್ದವು. ಮರುದಿನ ಬೆಳಿಗ್ಗೆ ಹೋದೆ. ಕೊನೆಯ ಮನೆಯ ಹೆಂಗಸಿಗೆ ಏಳು ತಿಂಗಳು. ಇಪ್ಪತ್ತು ಇಪ್ಪತ್ತೊಂದರ ಹುಡುಗಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣದ ಹಾಗೆ ಬಿಳಿ. ತಾಯಿ ಕಾರ್ಡು ಇರಲಿಲ್ಲ. ರಕ್ತ ಪರೀಕ್ಷೆ ಆಗಿರಲಿಲ್ಲ. ಹಿಂದಿನ ವಾರದವರೆಗೂ ಬೆನ್ನಿಗೆ ಚೀಲ ಕಟ್ಟಿಕೊಂಡು ನಮ್ಮ ತೋಟದ ಹಣ್ಣು ಕೊಯ್ದವಳು ಅವಳು. ಅವಳ ಕೂಲಿಯನ್ನು ಪ್ರತಿ ಶನಿವಾರ ಬಟವಾಡೆಯ ಪುಸ್ತಕದಲ್ಲಿ ಬರೆದವಳು ನಾನು. ಹೆಸರಿನ ಮುಂದೆ ಕೆ.ಜಿ. ಬರೆದಿದ್ದೆ, ಮುಖ ನೋಡಿರಲಿಲ್ಲ.

ಅವಳೊಡನೆ ಮಾತಾಡಲು ಹೋದರೆ ನನಗೆ ಅವಳ ಭಾಷೆಯ ಒಂದು ಪದವೂ ಬರದು. ಸಾವಿರಾರು ಮೈಲಿ ದೂರದ ಭಾಷೆಯಲ್ಲಿ 'ನೋವು ಎಲ್ಲಿ' ಎಂದು ಕೇಳಬಲ್ಲ ನಾನು ಇನ್ನೂರು ಹೆಜ್ಜೆ ದೂರದಲ್ಲಿ ಮೂಕಿಯಾಗಿ ನಿಂತಿದ್ದೆ. ಅವಳ ಮನೆಯ ಮೂಲೆಯಲ್ಲಿ ನಮ್ಮ ಮನೆಯ ಸ್ಟೀಲ್ ಡಬ್ಬಿ ಕಂಡಿತು. ಒಳಗೆ ರಾಗಿ ಹಿಟ್ಟು. ಅತ್ತೆ ಮೂರು ತಿಂಗಳಿಂದ ಕೊಡುತ್ತಿದ್ದರಂತೆ.

ದೂರ ಮತ್ತು ಹತ್ತಿರದ ಈ ಪ್ರಶ್ನೆ ಹೊಸದಲ್ಲ. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ಗಡಿ ದಾಟಿ ನಮ್ಮ ದೇಶಕ್ಕೆ ಬಂದು ಶಿಬಿರಗಳಲ್ಲಿ ನರಳುತ್ತಿದ್ದಾಗ ಪೀಟರ್ ಸಿಂಗರ್ ಎಂಬ ಯುವ ತತ್ವಶಾಸ್ತ್ರಜ್ಞ ಒಂದು ಪ್ರಬಂಧ ಬರೆದ. ಅದು ಮರುವರ್ಷ ಪ್ರಕಟವಾಯಿತು. ಅವನ ವಾದ ಸರಳ. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಂಡರೆ ಬಟ್ಟೆ ಕೆಸರಾದೀತು ಎಂದು ನೀವು ನಿಲ್ಲುವುದಿಲ್ಲ, ಇಳಿದು ಎತ್ತುತ್ತೀರಿ. ಆ ಮಗು ನಿಮ್ಮ ಕಣ್ಣೆದುರು ಇಲ್ಲದೆ ಸಾವಿರ ಮೈಲಿ ಆಚೆ ಇದ್ದರೆ ಕರ್ತವ್ಯ ಯಾಕೆ ಕಡಿಮೆಯಾಗಬೇಕು? ಈ ವಾದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಮದುವೆ ಮನೆಯಲ್ಲಿ 'ನಮ್ಮೂರಲ್ಲಿ ಬಡವರಿರಲಿಲ್ವಾ' ಎಂದವರಲ್ಲಿಯೂ ಇಲ್ಲ.

ಇದಕ್ಕೂ ನೂರಿಪ್ಪತ್ತು ವರ್ಷ ಮೊದಲು ಚಾರ್ಲ್ಸ್ ಡಿಕನ್ಸ್ ಇನ್ನೊಂದು ತುದಿಯನ್ನು ತೋರಿಸಿದ್ದ. ಅವನ 'ಬ್ಲೀಕ್ ಹೌಸ್' ಕಾದಂಬರಿಯಲ್ಲಿ ಮಿಸೆಸ್ ಜೆಲ್ಲಿಬಿ ಎಂಬ ಹೆಂಗಸು ಬರುತ್ತಾಳೆ. ಆಫ್ರಿಕದ ನೈಜರ್ ನದಿಯ ದಡದಲ್ಲಿ ಜನರನ್ನು ನೆಲೆಗೊಳಿಸಿ ಕಾಫಿ ಬೆಳೆಸುವುದು, ಅಲ್ಲಿನವರಿಗೆ ವಿದ್ಯೆ ಕಲಿಸುವುದು ಅವಳ ಧ್ಯೇಯ. ಅದಕ್ಕಾಗಿ ಹಗಲೂ ಇರುಳೂ ಕಾಗದ ಬರೆಸುತ್ತಾಳೆ. ಅವಳ ಮನೆಯಲ್ಲಿ ಮಕ್ಕಳು ಮೆಟ್ಟಿಲಿಂದ ಬೀಳುತ್ತಾರೆ, ಕಂಬಿಯಲ್ಲಿ ತಲೆ ಸಿಕ್ಕಿಸಿಕೊಳ್ಳುತ್ತಾರೆ, ಹಿರಿಯ ಮಗಳು ಕೈತುಂಬ ಶಾಯಿ ಮಾಡಿಕೊಂಡು ತಾಯಿಯ ಕಾಗದಗಳನ್ನು ಬರೆಯುತ್ತಾಳೆ. ಕಾಫಿ, ಆಫ್ರಿಕ, ಪರೋಪಕಾರ. ಕಾಲೇಜಿನಲ್ಲಿ ಓದಿದಾಗ ಬಿದ್ದು ಬಿದ್ದು ನಕ್ಕಿದ್ದೆ. ಲೈನಿನಿಂದ ಮನೆಗೆ ನಡೆದು ಬರುವಾಗ ಅವಳು ನೆನಪಾಗಿ ಕಾಲು ನಿಂತುಹೋಯಿತು.

ಹಾಗಂತ ನಾನು ಜೆಲ್ಲಿಬಿ, ನಾವು ಹೋಗಿದ್ದೇ ತಪ್ಪು ಎಂದು ತೀರ್ಮಾನಿಸಿ ಪ್ರಬಂಧ ಮುಗಿಸಿದರೆ ಅದು ಸುಳ್ಳಾಗುತ್ತದೆ. ಅಲ್ಲಿ ಹುಟ್ಟಿದ ಮಕ್ಕಳು ನಿಜವಾದ ಮಕ್ಕಳು. ಅವರ ತಾಯಂದಿರು ಬದುಕಿ ಉಳಿದದ್ದು ನಿಜ. ನಾನು ನನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ಕಂಡದ್ದು ಇಲ್ಲಿ ಯಾಕೆ ಕಾಣಲಿಲ್ಲ? ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಹಿತ್ತಲಿನ ಕಾಯಿಲೆಯೂ ಕಾಯಿಲೆಯಲ್ಲ ಎಂದು ನಾವು ನಂಬಿರುತ್ತೇವೆಯೇ?

ಬಹಳ ದಿನ ಯೋಚಿಸಿ ನನಗೆ ಹೊಳೆದದ್ದು ಇಷ್ಟು. ಜಿಮ್ಮಾದ ತಾಯಿಗೂ ನನಗೂ ಇದ್ದದ್ದು ಕರುಣೆಯ ಸಂಬಂಧ. ಅವಳ ಬಡತನದಲ್ಲಿ ನನ್ನ ಕೈವಾಡ ಇದೆಯೇ ಎಂದು ನಾನು ಕೇಳಿಕೊಳ್ಳಬೇಕಿರಲಿಲ್ಲ. ನಾನು ಕೊಟ್ಟದ್ದೆಲ್ಲ ಕೊಡುಗೆ, ಅವಳು ಹೇಳಿದ್ದೆಲ್ಲ ಕೃತಜ್ಞತೆ, ಎರಡು ವರ್ಷ ಕಳೆದರೆ ವಿಮಾನ ಹತ್ತಬಹುದಿತ್ತು. ಲೈನಿನ ಹುಡುಗಿಗೂ ನನಗೂ ಇರುವುದು ಲೆಕ್ಕದ ಸಂಬಂಧ. ಅವಳ ರಕ್ತ ಬಿಳುಪಾಗಿದ್ದರೆ ಅದಕ್ಕೂ ನಾನು ಕೊಡುವ ಕೂಲಿಗೂ ನಂಟಿದೆ. ಅವಳ ಸೂರು ಸೋರಿದರೆ ಆ ಹೆಂಚು ನನ್ನದು. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರು ಕೆಲಸದವರಿಗೆ ಮನೆ, ಔಷಧೋಪಚಾರ ಕೊಡಬೇಕು ಎಂದಿತು. ನಮ್ಮಂಥ ಸಣ್ಣ ತೋಟಗಳಿಗೆ ಅದು ಹತ್ತುತ್ತಿರಲಿಲ್ಲ. ಕಾಯ್ದೆ ಬಿಟ್ಟುಕೊಟ್ಟ ಆ ಜಾಗದಲ್ಲಿ ನಾವು ಆರಾಮವಾಗಿ ಇದ್ದೆವು. ಅವಳಿಗೆ ನಾನು ಮಾಡುವುದನ್ನು ಸೇವೆ ಎಂದು ಕರೆದುಕೊಳ್ಳಲು ಬರುವುದಿಲ್ಲ. ಅದು ಋಣ. ಋಣ ತೀರಿಸಿದವರ ಕೈಗೆ ಯಾರೂ ಮುತ್ತಿಡುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುವುದು ಅದರ ಕಲ್ಲುಗಳನ್ನು ನಾವು ತುಳಿದಿಲ್ಲ ಎಂಬುದಕ್ಕೆ ಮಾತ್ರವಲ್ಲ, ಆ ಕಲ್ಲುಗಳನ್ನು ಅಲ್ಲಿ ಹಾಕಿದವರು ನಾವಲ್ಲ ಎಂಬ ಸಮಾಧಾನಕ್ಕೂ ಇರಬೇಕು.

ಅತ್ತೆಯ ಲೆಕ್ಕವೂ ಇತ್ತು. 2018ರ ಆಗಸ್ಟಿನ ಮಳೆ ನಮ್ಮ ಕಡೆಯವರಿಗೆ ಇನ್ನೂ ಮರೆತಿಲ್ಲ. ಕೊಡಗಿನಲ್ಲಿ ಗುಡ್ಡಗಳೇ ಜಾರಿದ ವರ್ಷ ಅದು. ಶಿರಾಡಿ ಘಾಟಿ ಮುಚ್ಚಿತ್ತು, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರೈಲು ಹಳಿಯ ಮೇಲೆ ಮಣ್ಣು ಕುಸಿದಿತ್ತು. ಆ ಮಳೆಯಲ್ಲಿ ಎಪ್ಪತ್ತು ದಾಟಿದ ಹೆಂಗಸು ವಾರಗಟ್ಟಲೆ ಕರೆಂಟಿಲ್ಲದೆ ಒಬ್ಬರೇ ಇದ್ದರು. ಉದುರಿದ ಕಾಯಿ, ಮುರಿದ ಮೆಣಸಿನ ಬಳ್ಳಿ, ಅಂಗಳಕ್ಕೆ ಬಂದ ಆನೆ ಎಲ್ಲವನ್ನೂ ನೋಡಿಕೊಂಡರು. ಫೋನು ಸಿಕ್ಕಾಗ ನಮಗೆ ಹೇಳಿದ್ದು 'ಇಲ್ಲಿ ಮಳೆ ಸ್ವಲ್ಪ ಜೋರು' ಎಂದಷ್ಟೇ. ಹಿಂತಿರುಗಿದ ಮೇಲೆ ಊರವರು ನಮ್ಮನ್ನು ಕರೆದು ಹಾರ ಹಾಕಿದರು. ಅವರಿಗೆ ಯಾರೂ ಹಾಕಲಿಲ್ಲ. ನಮ್ಮ ಸೇವೆಯ ಖರ್ಚನ್ನು ಕೊಟ್ಟವರು ಅವರು ಎಂದು ನಮಗೂ ತೋಚಿರಲಿಲ್ಲ.

ದೂರ ಹೋಗಿ ದುಡಿದವರ ಹಿಂದೆ ಹೀಗೆ ಖರ್ಚು ಕೊಟ್ಟವರು ಎಲ್ಲ ಕಾಲದಲ್ಲೂ ಇದ್ದಾರೆ. ನಮ್ಮ ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನವರನ್ನೇ ನೋಡಿ. ಅವರ ಮಕ್ಕಳನ್ನು ಎಳೆವಯಸ್ಸಿನಲ್ಲೇ ಯುರೋಪಿನಲ್ಲಿ ಬಿಟ್ಟು ಬರುವುದು ಆಗಿನ ರೂಢಿ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮರಿಯ ಗುಂಡರ್ಟ್ ಹಾಗೆ ತಾಯಿತಂದೆಯರಿಂದ ದೂರ ಬೆಳೆದ ಹುಡುಗಿ. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆಯ ತಾಯಿ ಅವಳು. ಇನ್ನು ಕಿಟ್ಟೆಲ್. 1853ರಲ್ಲಿ ಬಂದು 1892ರಲ್ಲಿ ಕೊನೆಯ ಬಾರಿಗೆ ಜರ್ಮನಿಗೆ ಹೊರಟರು. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವರು ಕೈ ತೊಳೆದುಕೊಳ್ಳಲಿಲ್ಲ. ಟ್ಯೂಬಿಂಗೆನ್ನಿನ ಮನೆಯಲ್ಲಿ ಕೂತು ಕನ್ನಡ ವ್ಯಾಕರಣ ಬರೆದರು. ಅದು ಹೊರಬಂದ 1903ರಲ್ಲೇ ತೀರಿಕೊಂಡರು. ಅವರನ್ನು ನೆನೆದಾಗ ನನಗೆ ಅನ್ನಿಸುವುದು ಇಷ್ಟೇ: ದೂರದಲ್ಲಿ ಕಲಿತದ್ದನ್ನು ಮನೆಗೆ ತಂದ ಮೇಲೆ ಅದರಿಂದ ಏನಾದರೂ ಮಾಡಬೇಕು. ಸಿಟ್ಟು ಮಾಡಿಕೊಳ್ಳುವುದು ಅದರಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ.

ಲೈನಿನ ಹುಡುಗಿಗೆ ಆಶಾ ಕಾರ್ಯಕರ್ತೆಯ ನೆರವಿನಿಂದ ತಾಯಿ ಕಾರ್ಡು ಮಾಡಿಸಿದೆವು. ಜಿಮ್ಮಾದ ಕಾಯುವ ಮನೆಯ ನೆನಪಿನಲ್ಲಿ, ದಿನ ತುಂಬುವ ಎರಡು ವಾರ ಮೊದಲೇ ಅವಳನ್ನು ನಮ್ಮ ಮನೆಯ ಹಿಂದಿನ ಕೋಣೆಗೆ ಕರೆತಂದೆವು. ರಾತ್ರಿ ಆನೆ ದಾರಿಯಲ್ಲಿ ನಿಂತರೆ ಆಸ್ಪತ್ರೆಗೆ ಹೊರಡುವುದು ಹೇಗೆ ಎಂಬ ಭಯ ನನಗಿತ್ತು. 2020ರ ಫೆಬ್ರುವರಿಯಲ್ಲಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಅವಳ ಗಂಡ ನನಗೆ ಕೃತಜ್ಞತೆಯ ಮಾತು ಹೇಳಲಿಲ್ಲ. ಹೆಂಚು ಯಾವಾಗ ಹಾಕಿಸುತ್ತೀರಿ ಎಂದು ಕೇಳಿದ. ಕೇಳುವ ಹಕ್ಕು ಅವನಿಗಿತ್ತು. ಆ ಮಾತು ಮೊದಲು ಚುಚ್ಚಿತು, ಆಮೇಲೆ ಹಗುರ ಅನ್ನಿಸಿತು.

ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಬಂತು. ಅಸ್ಸಾಮಿನವರು ಊರಿಗೆ ಹೋಗುವ ಹಾಗಿಲ್ಲ, ನಾವು ಗೇಟು ದಾಟುವ ಹಾಗಿಲ್ಲ. ಇಡೀ ಲೋಕ ಒಂಬತ್ತು ಎಕರೆಗೆ ಇಳಿಯಿತು. ಆ ದಿನಗಳಲ್ಲಿ ನನ್ನ ಮಗಳು ಕೋಣೆಯಿಂದ ಹೊರಗೆ ಬಂದಳು. ಲೈನಿನ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಬೇರೆ ಊರಿನ ಶಾಲೆಯಲ್ಲಿ ಭಾಷೆ ಬಾರದೆ ಕೂರುವ ಮಗುವಿನ ಮುಖ ಹೇಗಿರುತ್ತದೆ ಎಂದು ಈ ಮನೆಯಲ್ಲಿ ಅವಳಿಗೂ ಅವಳ ತಮ್ಮನಿಗೂ ಮಾತ್ರ ಗೊತ್ತಿತ್ತು. ಅವಳಿಗೆ ಆ ಎರಡು ವರ್ಷ ಕೊಟ್ಟದ್ದು ಅದನ್ನು. ಮಗ ಒತ್ತಕ್ಷರಗಳನ್ನು ಆ ಮಕ್ಕಳ ಜೊತೆಗೇ ಮತ್ತೆ ಕಲಿತ.

ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದ್ದ ಒಂದು ಸಂಜೆ, ಅಟ್ಟದ ಮೇಲಿನ ಪೆಟ್ಟಿಗೆಯಿಂದ ಜೆಬೆನಾ ಇಳಿಸಿದೆ. ಜಗಲಿಯಲ್ಲಿ ನಮ್ಮದೇ ಬೀಜ ಹುರಿದು ಮೂರು ಸುತ್ತು ಕಾಫಿ ಮಾಡಿದೆ. ಬೆಲ್ಲದ ಕಾಫಿಗೆ ಒಗ್ಗಿದ ಅತ್ತೆ ಮೊದಲ ಗುಟುಕಿಗೇ ಮುಖ ಹಿಂಡಿದರು. ಲೈನಿನವರು ದೂರ ದೂರ ಕೂತಿದ್ದರು, ಕಾಯಿಲೆಯ ಭಯಕ್ಕೆ. ಮಗು ತಾಯಿಯ ಮಡಿಲಲ್ಲಿ ಮಲಗಿತ್ತು. ಮೂರನೆಯ ಸುತ್ತಿನ ಹೊತ್ತಿಗೆ ಇವರು ಯಾವುದೋ ಮಾತಿಗೆ, 'ಎಲ್ಲ ಸರಿಹೋದ ಮೇಲೆ ಮತ್ತೆ ಕರೆದರೆ ಹೋಗ್ತೀಯಾ?' ಎಂದು ನನ್ನನ್ನು ಕೇಳಿದರು. ನಾನು ಉತ್ತರ ಹೇಳದೆ ಅತ್ತೆಯ ಕಡೆ ನೋಡಿದೆ.

ಅವರು ಲೋಟದಲ್ಲಿ ಉಳಿದಿದ್ದನ್ನು ಅಷ್ಟೂ ಕುಡಿದು ಕೆಳಗಿಟ್ಟರು.

'ಹೋಗು, ನಾನೇನು ಬ್ಯಾಡ ಅನ್ನಲ್ಲ' ಎಂದರು. 'ಹೋದ್ಸಲ ಹೇಳಿ ಹೋದ್ರಿ. ಈ ಸಲ ಕೇಳಿ ಹೋಗಿ.'